ಉಳ್ಳಾಗಡ್ಡಿ ಫೌಜಿಯ ಬರ್ಮಾ ಸ್ಟಾರು

ಸುರಪುರದ ತಹಸೀಲ್ ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ, ಇಂಗ್ಲಿಷ್ ಬರುತ್ತದೆ ಎಂಬ ಒಂದೇ ಅಪರಾಧಕ್ಕೆ ಫೌಜಿಗಳ ಅರ್ಜಿಗಳೆಲ್ಲ ನನ್ನ ಮೇಜಿಗೆ ಬಂದು ಬೀಳುತ್ತಿದ್ದವು. ನಿಜಾಮ ಸರಕಾರದ ಕಾಗದಗಳೆಲ್ಲ ಉರ್ದುವಿನಲ್ಲಿ. ಇಂಗ್ರೇಜಿ ಫೌಜಿಗೆ ಸೇರಿ ಯುದ್ಧ ಮುಗಿಸಿ ಬಂದವರ ಕಾಗದ ಮಾತ್ರ ಇಂಗ್ಲಿಷಿನಲ್ಲಿ. ಒಬ್ಬನ ಹುಟ್ಟೂರು ತಪ್ಪಾಗಿ ಬಿದ್ದಿರುತ್ತಿತ್ತು, ಇನ್ನೊಬ್ಬ ತನ್ನ ಬಿಡುಗಡೆ ಪತ್ರವನ್ನು ಇಲಿಗೆ ಉಣಿಸಿ ಬಂದಿರುತ್ತಿದ್ದ. ನಾನು ಬೈಯುತ್ತಲೇ ಬರೆದುಕೊಡುತ್ತಿದ್ದೆ. ನನ್ನ ಬೈಗುಳ ಕೇಳಿ ಕೇಳಿ ಅವರಿಗೂ ರೂಢಿಯಾಗಿತ್ತು. ಬೈಯದ ದಿನ, "ಸಾಹೇಬ್ರಿಗೆ ಮೈಯಾಗ ಹುಷಾರಿಲ್ಲೇನ್ರಿ?" ಎಂದು ಜವಾನನನ್ನು ಕೇಳುತ್ತಿದ್ದರಂತೆ.

ಆ ದಿನ ಬಂದವನು ಸುರಪುರದ ಪಕ್ಕದ ಹಳ್ಳಿಯ ಬೇಡರ ಹುಡುಗ. ಅವನ ದಾಖಲೆಯ ಹೆಸರು ಇಲ್ಲಿ ಬೇಡ. ಮನೆಯಲ್ಲಿ ಅವನನ್ನು ಸಣ್ಣ್ಯಾ ಎನ್ನುತ್ತಿದ್ದರು, ನಾನೂ ಹಾಗೇ ಎನ್ನುತ್ತೇನೆ. ಎತ್ತರದ ಆಳು, ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರಬೇಕು. ಬಂದವನು ಸಲಾಂ ಹೊಡೆದು ಬಿಡುಗಡೆಯ ಪುಸ್ತಕವನ್ನು ಮೇಜಿನ ಮೇಲಿಟ್ಟ.

"ಸಾಹೇಬ್ರ, ನಾ ಬರ್ಮಾಕ್ಕ ಹೋಗಿ ಬಂದೀನ್ರಿ. ಆದ್ರ ಕಾಗದದಾಗ ನಾ ಹೋಗೇ ಇಲ್ಲಂತ್ರಿ."

ಪುಸ್ತಕ ತೆರೆದು ನೋಡಿದೆ. ಸೇತುವೆ, ರಸ್ತೆ ಕಟ್ಟುವ ದಳಕ್ಕೆ ಭರ್ತಿಯಾದದ್ದು ಇತ್ತು, ತರಬೇತಿ ಡಿಪೋ ಇತ್ತು, ಬಿಡುಗಡೆ ಇತ್ತು. ನಡುವೆ ಯುದ್ಧವೇ ಇರಲಿಲ್ಲ. ಪದಕಗಳು ಎಂಬ ಕಡೆ 'ಇಲ್ಲ' ಎಂದು ಠಸ್ಸೆ ಬಿದ್ದಿತ್ತು.

ಹಳ್ಳಿಯ ಮಾಸ್ತರರೊಬ್ಬರು ಅದನ್ನು ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದಿಬಿಟ್ಟಿದ್ದರು. ಯುದ್ಧವಿಡೀ ಡಿಪೋದಲ್ಲೇ ಇದ್ದನೆಂದರೆ ಅಡಿಗೆಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದಿರಬೇಕು ಎಂದು ಕಟ್ಟೆಯವರು ತೀರ್ಮಾನಿಸಿದರು. ಅಂದಿನಿಂದ ಅವನು ಉಳ್ಳಾಗಡ್ಡಿ ಫೌಜಿ. ಕಾದಾಟಕ್ಕೆ ಹೆಸರಾದ ಬೇಡರ ಓಣಿಯಲ್ಲಿ ಇದು ಸಣ್ಣ ಮಾತಲ್ಲ. ಮಗಳನ್ನು ಕೊಡುತ್ತೇನೆಂದಿದ್ದ ಶಹಾಪುರದ ಸೋದರಮಾವ ಕಡ್ಡಿ ಮುರಿದಂತೆ ಹೇಳಿ ಕಳಿಸಿದ್ದನಂತೆ: "ಸರಕಾರ ಇವನ ಎದಿಗೆ ನಕ್ಷತ್ರ ಹಚ್ಚಲಿ, ಆವತ್ತ ಅಕ್ಕಿಕಾಳ ಹಾಕ್ತೀನಿ. ಅಲ್ಲೀತನಾ ನಮ್ಮ ಮನಿ ಹೊಸ್ತಲ ತುಳೀಬ್ಯಾಡ ಅನ್ರಿ."

"ಹುಡುಗಿ ಏನಂತಾಳ?" ಎಂದೆ.

"ಅಕಿ ನಗ್ತಾಳ್ರಿ. ಉಳ್ಳಾಗಡ್ಡಿ ಹೆಚ್ಚಾಕಾದ್ರೂ ಬರ್ತೈತಲ್ಲ, ನನಗ ಕೆಲಸ ಕಮ್ಮಿ ಆತು ಅಂತಾಳ್ರಿ." ಹೇಳುತ್ತ ಅವನೂ ನಕ್ಕ. ಆಮೇಲೆ ನೆಲ ನೋಡಿಕೊಂಡು, "ನಗೂದು ನಗ್ತಾಳ್ರಿ. ಆದ್ರ ಬ್ಯಾರೆ ಕಡಿ ನೋಡಾಕತ್ತಾರ," ಎಂದ.

ಬರ್ಮಾದ ಬಗ್ಗೆ ಕೇಳಿದೆ. ಮಳೆ, ಜಿಗಣಿ, ಕೆಸರು. ಇವತ್ತು ಕಟ್ಟಿದ ಸೇತುವೆಯನ್ನು ನಾಳೆ ಹಳ್ಳ ಒಯ್ಯುವುದು, ನಾಡಿದ್ದು ಮತ್ತೆ ಕಟ್ಟುವುದು. ಸುಳ್ಳು ಹೇಳುವವನಾಗಿದ್ದರೆ ಗುಂಡು ಹಾರಿಸಿದ್ದನ್ನು ಹೇಳುತ್ತಿದ್ದ. ಇವನು ಗಂಟೆಗಟ್ಟಲೆ ಹಗ್ಗದ ಗಂಟುಗಳ ಬಗ್ಗೆ ಹೇಳಿದ. ನಂಬಿದೆ.

ದಾಖಲೆ ತಿದ್ದಿಸುವ ಅರ್ಜಿಗೆ ಒಂದು ಕ್ರಮವಿತ್ತು. ಸೇವಾ ನಂಬರು, ಹೆಸರು, ತಂದೆಯ ಹೆಸರು, ಊರು, ದಳ, ಎಲ್ಲಿಂದ ಎಲ್ಲಿಗೆ ಯಾವಾಗ ಹೋದದ್ದು, ಜೊತೆಗಿದ್ದ ಮೇಲಧಿಕಾರಿ ಯಾರು. ಇಷ್ಟನ್ನೂ ಬರೆದು, ತಹಸೀಲ್ದಾರರ ಮೊಹರು ಹಾಕಿಸಿ, ದೂರದ ಬ್ರಿಟಿಷ್ ಸೀಮೆಯಲ್ಲಿದ್ದ ಫೌಜಿನ ದಾಖಲೆ ಕಚೇರಿಗೆ ಕಳಿಸಬೇಕು. ನನ್ನ ಇಂಗ್ಲಿಷಿನ ಸೊಗಸನ್ನೆಲ್ಲ ಅದರಲ್ಲಿ ಸುರಿದೆ. ಬಹಳ ದಿನಗಳ ಮೇಲೆ ಅದು ಹಾಗೆಯೇ ಮರಳಿ ಬಂತು. ತಾರೀಖುಗಳು ತಿಳಿಯುತ್ತಿಲ್ಲ ಎಂಬ ಷರಾ ಇತ್ತು. ನಾನು ಎಲ್ಲವನ್ನೂ ನಮ್ಮ ನಿಜಾಮ ಸೀಮೆಯ ಫಸಲಿ ವರ್ಷದಲ್ಲಿ ಬರೆದುಬಿಟ್ಟಿದ್ದೆ! ಅವರ ಲೆಕ್ಕಕ್ಕೆ ಸಣ್ಣ್ಯಾ ಕೆಲವು ನೂರು ವರ್ಷಗಳ ಹಿಂದೆ ಭರ್ತಿಯಾಗಿದ್ದ. ಕಚೇರಿಯಲ್ಲಿ ವಾರವಿಡೀ ಎಲ್ಲರೂ ನನ್ನನ್ನು ಆಡಿಕೊಂಡರು. ಎರಡೂ ಲೆಕ್ಕದ ತಾರೀಖುಗಳಿದ್ದ ಜಂತ್ರಿ ಹಿಡಿದು ಒಂದೊಂದೇ ತಾರೀಖನ್ನು ಇಂಗ್ಲಿಷಿಗೆ ತಂದು ಮತ್ತೆ ಕಳಿಸಿದೆ.

ಈ ಸಲದ ಉತ್ತರ ಇನ್ನೂ ಕೆಟ್ಟದ್ದು. "ಸದರಿ ತಂದೆಯ ಮಗನಾದ ಸದರಿ ಗ್ರಾಮದ ಸದರಿ ವ್ಯಕ್ತಿಗೆ ಬರ್ಮಾ ಸ್ಟಾರ್ ಪದಕವನ್ನು ಈಗಾಗಲೇ ಕೊಡಲಾಗಿದೆ. ಎರಡನೆಯದನ್ನು ಕೊಡುವ ಪದ್ಧತಿಯಿಲ್ಲ."

ನನಗೆ ನೆತ್ತಿಗೇರಿತು. "ಎಲ್ಲಿ ಮಾರಿದಿ ಹೇಳು!" ಎಂದು ಸಣ್ಣ್ಯಾನ ಮೇಲೆ ಹರಿಹಾಯ್ದೆ. ಅವನು ಮುಖ ಕೆಂಪಗೆ ಮಾಡಿಕೊಂಡು ಹೊರಟುಹೋದ. ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಮತ್ತೆ ಅದೇ ಎತ್ತರದ ಆಳು. "ನಿನ್ನಿ ಸಿಟ್ಟಿನಾಗ ಸಲಾಂ ಮಾಡೂದು ಬಿಟ್ಟಿತ್ರಿ," ಎಂದು ಎರಡು ಸಲಾಂ ಹೊಡೆದ. ಇಂಥವನ ಮೇಲೆ ಸಿಟ್ಟು ಇಟ್ಟುಕೊಳ್ಳುವುದಾದರೂ ಹೇಗೆ?

"ನೀ ಬರ್ಮಾದಾಗ ಇದ್ದಿ ಅನ್ನಾಕ ಸಾಕ್ಷಿ ಯಾರಿದ್ದಾರ?"

"ಜೋಡಿ ಇದ್ದಾವರು ತಮಿಳರ್ರಿ, ಎಲ್ಲಿ ಹುಡುಕ್ತೀರಿ? ನಮ್ಮಣ್ಣ ದೊಡ್ಡ್ಯಾ ಅದಾನ್ರಿ. ಇಬ್ರೂ ಒಂದ ದಿನ ಭರ್ತಿ ಆದಿವಿ. ಅವ ಮಿಸರಕ್ಕ ಹ್ವಾದ, ನಾ ಬರ್ಮಾಕ್ಕ. ಈಗ ಯಾದಗಿರಿ ಸ್ಟೇಷನ್ದಾಗ ಝಂಡಾ ತೋರಸ್ತಾನ."

ಹೇಗೂ ನನಗೆ ಯಾದಗಿರಿಯಲ್ಲಿ ಕೆಲಸವಿತ್ತು. ಫೌಜಿಗಳ ರಿಜಿಸ್ಟರ್ ಟಪಾಲನ್ನು ಸ್ಟೇಷನ್ ಹತ್ತಿರದ ಇಂಗ್ರೇಜಿ ಟಪಾಲು ಕಚೇರಿಯಲ್ಲಿ ಹಾಕಿದರೆ ಬೇಗ ಮುಟ್ಟುತ್ತದೆ ಎಂಬ ನಂಬಿಕೆ ನಮ್ಮದು. ಇಬ್ಬರೂ ಬಸ್ಸು ಹತ್ತಿದೆವು. ಶಹಾಪುರದಲ್ಲಿ ಬಸ್ಸು ನಿಂತಾಗ ಸಣ್ಣ್ಯಾ ಸೀಟಿನ ಕೆಳಗೆ ಏನೋ ಬಿದ್ದಂತೆ ಬಗ್ಗಿ ಹುಡುಕತೊಡಗಿದ. ಮಾವನ ಅಂಗಡಿ ದಾಟುವ ತನಕ ಆ ವಸ್ತು ಸಿಗಲಿಲ್ಲ.

ಯಾದಗಿರಿ ಸ್ಟೇಷನ್ನಿನಲ್ಲಿ ದೊಡ್ಡ್ಯಾನನ್ನು ಹುಡುಕುವುದೇ ಬೇಕಿರಲಿಲ್ಲ. ಮದ್ರಾಸ್ ಗಾಡಿಗೆ ಹಸಿರು ಬಾವುಟ ತೋರಿಸುತ್ತ, ರೈಲ್ವೆ ಅಂಗಿಯ ಮೇಲೆ ಪದಕಗಳನ್ನೆಲ್ಲ ಸಾಲಾಗಿ ತೂಗಿಸಿಕೊಂಡು ನಿಂತಿದ್ದ. ಗಾಡಿ ಹೋದ ಮೇಲೆ ಬಂದು ಬಾಯ್ತುಂಬ ಮಾತಾಡಿಸಿ ಚಹಾ ತರಿಸಿದ. ಚಹಾ ಕುಡಿಯುತ್ತ ನಾನು ಸುಮ್ಮನೆ ಅವನ ಎದೆ ನೋಡಿದೆ. ಒಂದರ ಮೇಲೆ ಆಫ್ರಿಕಾ ಸ್ಟಾರ್ ಎಂದು ಬರೆದಿತ್ತು, ಅದು ಮಿಸರದ್ದು, ಅಂದರೆ ಈಜಿಪ್ಟಿನ ಯುದ್ಧದ್ದು. ಪಕ್ಕದ್ದರ ಮೇಲೆ ಬರ್ಮಾ ಸ್ಟಾರ್ ಎಂದು!

"ಏನಪಾ, ನೀ ಯಾವಾಗ ಬರ್ಮಾಕ್ಕ ಹೋಗಿದ್ದಿ?"

"ನಾ ಯಾಕ ಹೋಗ್ಲಿರಿ? ನಾ ಮಿಸರದಾಗ ಉಸುಕು ತಿಂದಾವ."

"ಮತ್ತ ಇದು?"

"ಇದು ಸರಕಾರ ಕಳಿಸಿದ್ರಿ. ಡಬ್ಬಿಯೊಳಗ ಬಂತು, ಹಾಕ್ಕೊಂಡೆ. ಸರಕಾರ ಕೊಟ್ಟದ್ದನ್ನ ಬ್ಯಾಡ ಅನ್ನಾಕ ಬರ್ತೈತೇನ್ರಿ? ತಮ್ಮಂದು ಹಿಂದಿಂದ ಬರ್ತೈತಿ ಅನಕೊಂಡಿದ್ದೆ."

ಬಿಚ್ಚಿಸಿ ತಿರುವಿ ನೋಡಿದೆ. ಹಿಂಬದಿಗೆ ಹೆಸರು ಕೊರೆದಿತ್ತು. ಸಣ್ಣ್ಯಾನ ಹೆಸರೇ. ಆದರೆ ನಂಬರು ಸಣ್ಣ್ಯಾನದಲ್ಲ, ಕೊನೆಯ ಒಂದು ಅಂಕಿ ಬೇರೆ. "ಇದು ಯಾರ ಹೆಸರು?" ಎಂದು ಓದಿ ಹೇಳಿದರೆ ಅಣ್ಣತಮ್ಮಂದಿರು ಒಟ್ಟಿಗೆ, "ನಂದ್ರಿ," ಎಂದರು.

ತಲೆ ಕೆರೆದುಕೊಳ್ಳುತ್ತ ಅವರ ಹಳ್ಳಿಗೆ ಹೋದೆ. ಅಂಗಳದಲ್ಲಿ ಅವರಪ್ಪ, ಮನೆಯ ಯಜಮಾನ, ಹಗ್ಗ ಹೊಸೆಯುತ್ತಿದ್ದ. ಅವರವ್ವ ಜೋಳ ಹಸನು ಮಾಡುತ್ತಿದ್ದಳು.

"ಅವ್ವಾ, ನಿನ್ನ ದೊಡ್ಡ ಮಗನ ಖರೆ ಹೆಸರು ಏನು?"

ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ಹೇಳಲಿಲ್ಲ. ಸಣ್ಣವನದು ಕೇಳಿದೆ, ಇನ್ನಷ್ಟು ನಕ್ಕಳು. ಯಜಮಾನನೇ ಹೇಳಿದ: "ಅಕಿ ಹ್ಯಾಂಗ ಹೇಳ್ಬೇಕ್ರಿ? ಇಬ್ರಿಗೂ ನಮ್ಮಪ್ಪನ ಹೆಸರ ಇಟ್ಟೈತಿ."

ನಮ್ಮ ಕಡೆಯ ಸೊಸೆಯಂದಿರು ಮಾವನ ಹೆಸರನ್ನು ಬಾಯಲ್ಲಿ ತರುವುದಿಲ್ಲ. ಮುತ್ಯಾನ, ಅಂದರೆ ಅಜ್ಜನ, ಹೆಸರು ಹೊತ್ತ ಮಕ್ಕಳನ್ನು ಅವರು ಬೇರೇನೋ ಕರೆಯುತ್ತಾರೆ, ಊರೂ ಹಾಗೇ ಕರೆಯುತ್ತದೆ. ಹೀಗಾಗಿ ಒಂದೇ ಮನೆಯಲ್ಲಿ ಒಂದೇ ಹೆಸರಿನ ಇಬ್ಬರು ಬೆಳೆದರೂ ಊರಿಗೆ ಅವರು ದೊಡ್ಡ್ಯಾ, ಸಣ್ಣ್ಯಾ ಅಷ್ಟೇ. ಫೌಜಿನ ದಾಖಲೆ ಕಚೇರಿಗೆ ಈ ಸೊಸೆಯ ಪರಿಚಯವಿಲ್ಲವಲ್ಲ. ಅದೇ ಹೆಸರು, ಅದೇ ತಂದೆ, ಅದೇ ಊರು, ಹಿಂದುಮುಂದಿನ ನಂಬರು. ಯಾವನೋ ಗುಮಾಸ್ತ ಒಬ್ಬನನ್ನೇ ತಪ್ಪಿ ಎರಡು ಸಲ ಬರೆದಿದ್ದಾರೆ ಎಂದುಕೊಂಡು ಇಬ್ಬರ ಯುದ್ಧವನ್ನೂ ದೊಡ್ಡ್ಯಾನ ಹಾಳೆಗೇ ಹಚ್ಚಿಬಿಟ್ಟಿದ್ದ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

"ಅಲ್ಲ ಯಜಮಾನ್ರ, ಸ್ವಂತ ಇಬ್ಬರು ಮಕ್ಕಳಿಗೆ ಒಂದ ಹೆಸರು ಯಾರ ಇಡ್ತಾರ?"

ಆಗ ತಿಳಿಯಿತು. ಸಣ್ಣ್ಯಾ ಯಜಮಾನನ ತಮ್ಮನ ಮಗ. ಅಣ್ಣನೊಂದು ಕಡೆ, ತಮ್ಮನೊಂದು ಕಡೆ, ಇಬ್ಬರೂ ತಮ್ಮ ತಮ್ಮ ಮಗನಿಗೆ ಅಪ್ಪನ ಹೆಸರಿಟ್ಟಿದ್ದರು. ತಮ್ಮ ಕಾಲರಾದಲ್ಲಿ ಹೋದ, ಹಿಂದೆಯೇ ಅವನ ಹೆಂಡತಿಯೂ ಹೋದಳು. ಕೂಸು ಈ ಮನೆಯಲ್ಲಿ ಬೆಳೆಯಿತು. ಭರ್ತಿಯ ದಿನ ಹೆಸರು ಬರೆದುಕೊಳ್ಳುವ ಫೌಜಿನ ಮುನ್ಶಿ ತಂದೆ ಯಾರು ಎಂದಾಗ ಯಜಮಾನ ಇಬ್ಬರಿಗೂ ತನ್ನ ಹೆಸರನ್ನೇ ಹೇಳಿದ್ದ.

ನನಗೆ ಎಲ್ಲಿಲ್ಲದ ಖುಷಿಯಾಯಿತು. ಗಂಟು ಬಿಚ್ಚಿತಲ್ಲ! ಕಚೇರಿಗೆ ಓಡಿ ತಹಸೀಲ್ದಾರರಿಗೆ ಹೇಳಿದೆ. ಅವರು ಹೈದರಾಬಾದಿನವರು, ಮಾತು ಕಡಿಮೆ. "ಬಸ್, ಸಣ್ಣವನ ಬಾಪ್ ಹೆಸರು ದುರುಸ್ತ್ ಮಾಡಸ್ರಿ. ತಂದಿ ಬ್ಯಾರೆ ಅಂದ್ರ ಮನುಷ್ಯಾ ಬ್ಯಾರೆ. ಮಾಮ್ಲಾ ಖತಂ," ಎಂದರು. ಅಂದೇ ಯಜಮಾನನ ಹೇಳಿಕೆ ಬರೆದೆ, ಮರುದಿನ ಮಸಿಯ ಡಬ್ಬಿ ಹಿಡಿದು ಹಳ್ಳಿಗೆ ಹೋದೆ.

ಯಜಮಾನ ಹೆಬ್ಬೆರಳಿಗೆ ಮಸಿ ಹಚ್ಚಿಕೊಂಡು ಕೂತ. ಒತ್ತುವ ಮೊದಲು ಓದಿ ಹೇಳುವುದು ನಿಯಮ. ಓದಿದೆ. 'ಸದರಿ ಹುಡುಗ ನನ್ನ ತಮ್ಮನ ಮಗನೇ ಹೊರತು ನನ್ನ ಮಗನಲ್ಲ' ಎಂಬಲ್ಲಿಗೆ ಬಂದಾಗ ಅವನು ಬೆರಳನ್ನು ಮೆಲ್ಲಗೆ ಧೋತರಕ್ಕೆ ಒರೆಸಿಕೊಂಡ.

"ಸಾಹೇಬ್ರ, ಇದೊಂದ ಮಾತ ಬಿಟ್ಟು ಬ್ಯಾರೆ ಏನರ ಬರೀರಿ."

"ಇದೊಂದ ಮಾತ ಬೇಕಾಗಿರೂದು, ಯಜಮಾನ್ರ."

"ನನ್ನ ತಮ್ಮ ಹೋಗೂ ಮುಂದ ಕೂಸಿನ್ನ ನನ್ನ ಉಡ್ಯಾಗ ಹಾಕಿದ. ನನ್ನವ ಅಂದೆ. ಅಲ್ಲಿಗೆ ಆ ಮಾತ ಮುಗೀತು. ಈಗ ಒಂದ ತಗಡಿನ ಚೂರಿಗೆ, ನನ್ನವ ಅಲ್ಲ ಅಂತ ಹೆಬ್ಬೆಟ್ಟ ಒತ್ತಲೇನ್ರಿ?"

"ಅದು ತಗಡಲ್ಲ, ನಿಮ್ಮ ಹುಡುಗನ ಮದುವಿ!"

ಸಣ್ಣ್ಯಾನೇ ಮಸಿಯ ಡಬ್ಬಿಯ ಮುಚ್ಚಳ ಹಾಕಿ ನನ್ನ ಕೈಗೆ ಕೊಟ್ಟ. "ಬಿಡ್ರಿ ಸಾಹೇಬ್ರ. ಉಳ್ಳಾಗಡ್ಡಿ ಅಂದ್ರ ಅನ್ನಲಿ. ನಮ್ಮಪ್ಪಗ ತ್ರಾಸ ಕೊಡಬ್ಯಾಡ್ರಿ," ಎಂದ. ಒಳಗೆ ಅವನ ಅವ್ವ ಮೂಗು ಸೀಟುವ ಸದ್ದು ಕೇಳುತ್ತಿತ್ತು.

ದಾರಿಯುದ್ದಕ್ಕೂ ಬೈದುಕೊಂಡೇ ಬಂದೆ. ಎಂಥ ಹಟಮಾರಿ ಮುದುಕ, ಎಂಥ ಮೂರ್ಖ ಹುಡುಗ! ಕಾಗದದ ಮೇಲಿನ ಒಂದು ಸಾಲಿನಿಂದ ಯಾರ ಮಗ ಯಾರಿಗೆ ಇಲ್ಲವಾಗುತ್ತಾನೆ? ಸುರಪುರ ಹತ್ತಿರವಾದಂತೆ ಬೈಗುಳ ತೀರಿತು. ಹಗಲೆಲ್ಲ ಕಾಗದದ ನಡುವೆ ಬದುಕುವ ನಾನು ಇಂಥ ಸಾಲುಗಳನ್ನು ಎಷ್ಟು ಸಲೀಸಾಗಿ ಬರೆದುಬಿಡುತ್ತೇನೆ ಅನ್ನಿಸಿತು. ಆ ಮುದುಕನ ಮೇಲೆ ನನಗೆ ಪ್ರೀತಿ ಹುಟ್ಟಿತ್ತು. ಸಿಟ್ಟು ಬಂದದ್ದೂ ಅದಕ್ಕೇ ಇರಬೇಕು.

ಮರುದಿನ ಆ ಹೇಳಿಕೆಯನ್ನು ಹರಿದು ಹಾಕಿದೆ. "ಹುಜೂರ್, ತಂದೆಯ ಹೆಸರನ್ನು ಮುಟ್ಟುವುದು ಬೇಡ. ಹೆಸರು ಒಂದೇ ಇರಲಿ, ತಂದೆಯೂ ಒಬ್ಬನೇ ಇರಲಿ. ಮನುಷ್ಯರು ಇಬ್ಬರು ಎಂದು ತೋರಿಸೋಣ," ಎಂದೆ. ತಹಸೀಲ್ದಾರರು ಕನ್ನಡಕದ ಮೇಲಿಂದ ನೋಡಿದರು. "ಅವರು ನಂಬೂದಿಲ್ಲ. ಯಾವ ಬಾಪ್ ಇಬ್ಬರಿಗೂ ಒಂದೇ ನಾಮ್ ಇಡ್ತಾನ? ಪಕ್ಕಾ ಶಾಹಿದಿ ಬೇಕು." ಸಾಕ್ಷಿ ಬೇಕು, ಇಬ್ಬರೂ ಒಟ್ಟಿಗೆ ತಮ್ಮ ಕಣ್ಣೆದುರು ನಿಲ್ಲಬೇಕು, ಇಬ್ಬರ ಹೆಬ್ಬೆಟ್ಟನ್ನೂ ಭರ್ತಿಯ ಕಾಗದದ ಹೆಬ್ಬೆಟ್ಟಿಗೆ ಹೋಲಿಸಲು ಕಳಿಸಬೇಕು ಎಂದರು. ವಿಚಾರಣೆಯ ಪ್ರಶ್ನೆಗಳನ್ನು ಬರೆದುಕೊಡುವುದು ನನ್ನ ಕೆಲಸ. ಆಣೆ ಮಾಡಿ ಸುಳ್ಳು ಹೇಳುವ ಪ್ರಸಂಗ ಆ ಮನೆಯವರಿಗೆ ಬರಬಾರದು. ಒಂದು ಪ್ರಶ್ನೆಯನ್ನು ಹತ್ತಾರು ಸಲ ಹೊಡೆದು ಹಾಕಿ ಬರೆದೆ.

ವಿಚಾರಣೆಗೆ ದೊಡ್ಡ್ಯಾ ಯಾದಗಿರಿಯಿಂದ ರಜೆ ಹಾಕಿ ಬಂದ, ಎದೆ ತುಂಬ ಪದಕ ಹಾಕಿಕೊಂಡೇ. ಮೊದಲ ಸಾಕ್ಷಿ ಊರ ಗೌಡ. "ಇವರ ಹೆಸರೇನು?" ಎಂದರೆ, "ಇವ ದೊಡ್ಡ್ಯಾ, ಅವ ಸಣ್ಣ್ಯಾರಿ," ಎಂದ. "ಖರೆ ಹೆಸರು?" "ಅದ ಖರೆ ಹೆಸರ್ರಿ, ಹುಟ್ಟಿದಾಗಿಂದ ಕರೀತೀವಿ." ನಾನು ಹಣೆ ಚಚ್ಚಿಕೊಂಡೆ. ನನ್ನ ಗಟ್ಟಿ ಸಾಕ್ಷಿಯೇ ನೀರಿಗಿಳಿದಿತ್ತು.

ಉಳಿದವಳು ಅವ್ವ. ತಹಸೀಲ್ದಾರರು ದೊಡ್ಡ್ಯಾನನ್ನು ತೋರಿಸಿ, "ಅಮ್ಮಾ, ಇವನ ಹೆಸರು?" ಎಂದರು. ಸೆರಗು ಬಾಯಿಗೆ ಹೋಯಿತು. ಸಣ್ಣ್ಯಾನನ್ನು ತೋರಿಸಿದರು, ಸೆರಗು ಕೆಳಗಿಳಿಯಲೇ ಇಲ್ಲ. "ಕ್ಯಾ ಮುನ್ಶೀಜಿ, ಈಕೀಗೆ ಮಾತು ಬರೂದಿಲ್ಲೇನು?" ಎಂದು ರೇಗಿದರು.

"ಬರುತ್ತದೆ ಹುಜೂರ್. ಅದು ಅವಳ ಮಾವನ ಹೆಸರು. ಹೇಳುವಂತಿಲ್ಲ."

"ಇವನದೂ ಹೇಳೂಹಂಗಿಲ್ಲ, ಅವನದೂ ಹೇಳೂಹಂಗಿಲ್ಲ?" ಅವರು ಗೌಡನ ಕಡೆ ಕೈ ಮಾಡಿದರು. "ಅಮ್ಮಾ, ಈತನ ಹೆಸರು?" ಅವಳು ಪಟ್ಟನೆ ಹೇಳಿದಳು, ಗೌಡನ ಅಪ್ಪನ ಹೆಸರನ್ನೂ ಸೇರಿಸಿ. ಜವಾನನದು ಕೇಳಿದರು, ಅದನ್ನೂ ಹೇಳಿದಳು. ಮತ್ತೆ ದೊಡ್ಡ್ಯಾ, ಸೆರಗು. ಮತ್ತೆ ಸಣ್ಣ್ಯಾ, ಸೆರಗು.

ಮಾತು ಕಡಿಮೆಯ ತಹಸೀಲ್ದಾರರು ಕುರ್ಚಿ ಅಲುಗುವಂತೆ ನಕ್ಕರು. "ವಾಹ್! ಇದಕ್ಕಿಂತ ಪಕ್ಕಾ ಶಾಹಿದಿ ಎಲ್ಲಿ ಸಿಗ್ತದ? ಬರ್ಕೋ ಮುನ್ಶೀಜಿ," ಎಂದು ತಾವೇ ಹೇಳಿ ಬರೆಸಿದರು: 'ಸಾಕ್ಷಿದಾರಳು ಎಲ್ಲರ ಹೆಸರನ್ನೂ ಹೇಳುತ್ತಾಳೆ. ಈ ಇಬ್ಬರ ಹೆಸರನ್ನು ಮಾತ್ರ, ಅದು ತನ್ನ ಮಾವನ ಹೆಸರಾದ ಕಾರಣ, ಹೇಳಲು ಒಪ್ಪುವುದಿಲ್ಲ. ಆದ್ದರಿಂದ ಇಬ್ಬರ ಹೆಸರೂ ಒಂದೇ ಎಂಬುದು ಸ್ಪಷ್ಟ. ಇಬ್ಬರೂ ನನ್ನ ಎದುರಿಗೆ ನಿಂತಿದ್ದಾರೆ.'

ಇನ್ನು ನನ್ನ ಆ ಪ್ರಶ್ನೆ. ಯಜಮಾನ ಮೂಲೆಯಲ್ಲಿ ತಲೆಯ ಪಟಗದ ಚುಂಗು ಹಿಡಿದುಕೊಂಡು ನಿಂತಿದ್ದ. ತಹಸೀಲ್ದಾರರು ಓದಿದರು, ನಿಲ್ಲಿಸಿದರು, ನನ್ನ ಮುಖ ನೋಡಿದರು. ಅವರು ನಾನು ಬರೆದಂತೆಯೇ ಸಣ್ಣ್ಯಾನನ್ನು ಕೇಳಿದರು: "ಭರ್ತಿಯ ದಿನ ತಂದೆ ಎಂದು ಯಾರ ಹೆಸರು ಬರೆಸಲಾಯಿತು?"

"ಇವಂದ್ರಿ," ಎಂದ ಸಣ್ಣ್ಯಾ, ಮೂಲೆಗೆ ಕೈ ತೋರಿಸಿ. ಅದು ಸತ್ಯವೇ.

ತಹಸೀಲ್ದಾರರು ಅಲ್ಲಿಗೇ ಬಿಡಲಿಲ್ಲ, ನಾನು ಬರೆಯದ ಪ್ರಶ್ನೆಯೊಂದನ್ನು ತಾವೇ ಕೇಳಿದರು. "ಇವತ್ತ ಮತ್ತ ಭರ್ತಿ ಆದ್ರ ಯಾರದು ಬರೆಸ್ತಿ?"

"ಇವತ್ತೂ ಇವಂದ್ರಿ."

ಅವರು ತಲೆಯಾಡಿಸಿ ಮೊಹರು ಒತ್ತಿದರು.

ವಿಚಾರಣೆಯ ಕಾಗದಗಳ ಮಿಸಲು ಕಳಿಸಿ ಕಾದೆವು. ಮೊದಲ ಉತ್ತರದಲ್ಲಿ, ಹೆಬ್ಬೆಟ್ಟುಗಳು ಎರಡು ಬೇರೆ ಬೇರೆ ಎಂದು ಒಪ್ಪಿದ್ದರು. ತಪ್ಪಿ ಹೋದ ಬರ್ಮಾ ಸ್ಟಾರನ್ನು ಮೊದಲು ಮರಳಿಸಿ ಎಂದಿದ್ದರು. ತಂದೆಯ ವಿಷಯಕ್ಕೆ, 'ಪರಿಶೀಲನೆಯಲ್ಲಿದೆ' ಎಂಬ ಒಂದು ಸಾಲು. ಅದನ್ನು ಯಜಮಾನನಿಗೆ ಮುಚ್ಚಿಡದೆ ಹೇಳಿದೆ. ಅವನು "ಹೂಂ," ಎಂದು ಹಗ್ಗ ಹೊಸೆಯತೊಡಗಿದ.

ದೊಡ್ಡ್ಯಾನ ಎದೆಯಿಂದ ಸ್ಟಾರು ಇಳಿಸುವುದೊಂದು ದೊಡ್ಡ ಕೆಲಸವಾಯಿತು. ಹುಣಸೇಹಣ್ಣು ಹಾಕಿ ತಿಕ್ಕಿ ಅದನ್ನು ಫಳಫಳ ಮಾಡಿಟ್ಟಿದ್ದ. "ತಮ್ಮಗಂದ್ರ ಈಗ ಬಿಚ್ಚಿ ಕೊಡ್ತೀನ್ರಿ. ಸರಕಾರಕ್ಕ ಯಾಕ ಕೊಡ್ಲಿ? ಸರಕಾರ ಬರ್ಮಾಕ್ಕ ಹೋಗಿತ್ತೇನ್ರಿ?" ನಾನು ರಸೀದಿ ಕೊಡುವೆನೆಂದ ಮೇಲೆ ಬಿಚ್ಚಿದ. ಮರುದಿನದಿಂದ ಆ ಜಾಗದಲ್ಲಿ ರಸೀದಿಯನ್ನೇ ಮಡಚಿ ಜೇಬಿನಲ್ಲಿಟ್ಟುಕೊಂಡು ಓಡಾಡಿದನಂತೆ.

ಕೊನೆಗೊಂದು ದಿನ ರಿಜಿಸ್ಟರ್ ಪೊಟ್ಟಣ ಬಂತು. ಸುದ್ದಿ ನನಗಿಂತ ಮೊದಲೇ ಶಹಾಪುರ ಮುಟ್ಟಿರಬೇಕು. ಸಣ್ಣ್ಯಾ, ಯಜಮಾನ ಬರುವಷ್ಟರಲ್ಲಿ ಸೋದರಮಾವನೂ ಎಲೆಯಡಿಕೆ ಕೊಳ್ಳಲು ಬಂದವನಂತೆ ಕಚೇರಿಯ ಮೆಟ್ಟಿಲ ಮೇಲೆ ನಿಂತಿದ್ದ. ಡಬ್ಬಿ ತೆರೆದೆ. ಸ್ಟಾರನ್ನು ಮೊದಲು ಕೈಗೆತ್ತಿಕೊಂಡವನು ಆ ಮಾವನೇ. ತೂಗಿ ನೋಡಿದ, ತಿರುವಿ ನೋಡಿದ. ಓದು ಬಾರದಿದ್ದರೂ ಕೊರೆದ ಅಕ್ಷರಗಳ ಮೇಲೆ ಉಗುರು ಆಡಿಸಿದ. ಆಮೇಲೆ ತಾನೇ ಸಣ್ಣ್ಯಾನ ಅಂಗಿಗೆ ಚುಚ್ಚಿ, "ನಾಳಿ ಮುಂಜಾನೆ ಅಯ್ನೋರ ಹಂತ್ಯಾಕ ಮುಹೂರ್ತ ಕೇಳಾಕ ಹೋಗ್ತೀನಳಿಯಾ," ಎಂದ. ಸಣ್ಣ್ಯಾ ಅಳುವುದೋ ನಗುವುದೋ ತಿಳಿಯದೆ ಮಾವನಿಗೆ ಫೌಜಿ ಸಲಾಂ ಹೊಡೆದ.

ಯಜಮಾನ ಮಾತ್ರ ಸ್ಟಾರಿನ ಕಡೆ ನೋಡಲಿಲ್ಲ. ಜೊತೆಗೆ ಬಂದಿದ್ದ ಹೊಸ ದಾಖಲೆ ಹಾಳೆಯ ಮೇಲೇ ಅವನ ಕಣ್ಣು. "ಓದ್ರಿ," ಎಂದ. ನಾನು ಉತ್ಸಾಹದಿಂದ ಬರ್ಮಾದ ಸಾಲನ್ನು ಎತ್ತಿಕೊಂಡೆ.

"ಅದಲ್ರಿ. ಮ್ಯಾಲಿಂದ ಓದ್ರಿ."

ಮೇಲಿನಿಂದ ಓದಿದೆ. ನಂಬರು. ಹೆಸರು. ಮುಂದಿನ ಸಾಲಿಗೆ ಬೆರಳಿಟ್ಟೆ. ತಂದೆ ಎಂಬಲ್ಲಿ ಅವನ ಹೆಸರೇ ಇತ್ತು.

"ಇನ್ನೊಮ್ಮಿ ಓದ್ರಿ."

ಇನ್ನೊಮ್ಮೆ ಓದಿದೆ. ಅವನು ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡ. ಆಮೇಲೆ ಪಟಗದ ಚುಂಗಿನಿಂದ ಮುಖ ಒರೆಸಿಕೊಂಡು ಜವಾನನ ಸ್ಟೂಲಿನ ಮೇಲೆ ಆರಾಮಾಗಿ ಕೂತ.

"ಆತು ಬಿಡ್ರಿ," ಎಂದ. "ಇನ್ನ ಆ ನಕ್ಷತ್ರದ್ದು ಅದೇನ ಬರದಾರೋ, ಅದನ್ನೂ ಓದ್ರಿ."